ಗೆಸ್ಟ್ 41 ಮತ್ತು ಟಿಶ್ಯೂ ಪೇಪರಿನಲ್ಲಿ ಬಂದ ಹಲ್ಲು

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಎರಡೇ ಕಡೆ. ಒಂದು ಕಾಫಿ ಕಣದ ಮೂಲೆ. ಇನ್ನೊಂದು ಅಡುಗೆಮನೆ ಕಿಟಕಿ, ಮಿಕ್ಸಿ ಇಡುವ ಜಾಗದ ಪಕ್ಕ. ಮಳೆಗಾಲದಲ್ಲಿ ಕಣದಲ್ಲಿ ನಿಲ್ಲುವ ಮಾತೇ ಇಲ್ಲ. ಹಾಗಾಗಿ ಕಳೆದ ಕೆಲವು ವರ್ಷಗಳಿಂದ ನನ್ನ ಓದೆಲ್ಲ ಮಿಕ್ಸಿ ಪಕ್ಕದಲ್ಲೇ. ಒಗ್ಗರಣೆ ವಾಸನೆ ಬಂದರೆ ನನಗೀಗ ರೂಟ್ ಕೆನಾಲ್ ನೆನಪಾಗುತ್ತದೆ.

ನಾನು ಗೋಣಿಕೊಪ್ಪದಲ್ಲಿ ಹಲ್ಲಿನ ಡಾಕ್ಟರು. ಒಂದು ಚೇರು, ಒಂದು ಕಂಪ್ರೆಸರ್, ಸಹಾಯಕ್ಕೆ ಒಬ್ಬರು ಅಕ್ಕ. ಬಿ.ಡಿ.ಎಸ್. ಮುಗಿಸಿದ್ದು 2002ರಲ್ಲಿ. ಆಮೇಲೆ ಮದುವೆ, ತೋಟ, ಮಕ್ಕಳು, ಕ್ಲಿನಿಕ್. ನಡುವೆ ಓದಿದ್ದು ಎಷ್ಟು ಅಂತ ಯಾರಾದರೂ ಕೇಳಿದರೆ ಮಾತು ಬದಲಿಸುತ್ತಿದ್ದೆ. ವರ್ಷಕ್ಕೊಮ್ಮೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಸಿ.ಡಿ.ಇ. ಕಾರ್ಯಕ್ರಮಕ್ಕೆ, ಅಂದರೆ ದಂತವೈದ್ಯರಿಗೆ ಪಾಯಿಂಟ್ ಕೊಡುವ ಮುಂದುವರಿದ ಶಿಕ್ಷಣಕ್ಕೆ ಹೋಗುತ್ತಿದ್ದೆ. ಹಿಂದಿನ ಸಾಲಿನಲ್ಲಿ ಕೂತು, ಊಟ ಮಾಡಿ, ಹಳೇ ಗೆಳತಿಯರ ಜೊತೆ ಫೋಟೋ ತೆಗೆಸಿಕೊಂಡು, ಸರ್ಟಿಫಿಕೇಟ್ ಹಿಡಿದು ವಾಪಸ್. ಅದೂ ಸಂಜೆಯ ಕಾರ್ಯಕ್ರಮ ಆದರೆ ಆಗುವುದಿಲ್ಲ. ಕತ್ತಲಾದ ಮೇಲೆ ತಿತಿಮತಿ ಕಡೆ ರಸ್ತೆಯಲ್ಲಿ ಆನೆ ನಿಂತಿದ್ದರೆ ಅದು ಹೋಗುವ ತನಕ ಕಾಯಬೇಕು. ಅದಕ್ಕೆ ಯಾವ ಪಾಯಿಂಟ್ ಲೆಕ್ಕವೂ ಇಲ್ಲ.

ನಿಜವಾಗಿ ಓದು ಶುರುವಾದದ್ದು ಒಂದು ಚೀಟಿಯಿಂದ.

ನಮ್ಮಲ್ಲಿಗೆ ಬರುವ ಒಬ್ಬರು ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಇದ್ದಾರೆ. ವಸಡಿನ ತೊಂದರೆ. ನಾಲ್ಕು ವರ್ಷದಿಂದ ನಾನೇ ಕ್ಲೀನ್ ಮಾಡುತ್ತಿದ್ದೆ. ಆದರೂ ಹಲ್ಲು ಅಲುಗಾಡುವುದು ಜಾಸ್ತಿಯಾಗುತ್ತಲೇ ಇತ್ತು. ಕೊನೆಗೆ ದೊಡ್ಡ ಕಡೆ ತೋರಿಸಿಕೊಂಡು ಬನ್ನಿ ಅಂತ ಕಳಿಸಿದೆ. ಅಲ್ಲಿಂದ ಅವರು ತಂದ ಚೀಟಿಯಲ್ಲಿ ಚಂದದ ಕೈಬರಹದಲ್ಲಿ ಒಂದು ಸಾಲು: ಪೆರಿಯೊಡಾಂಟೈಟಿಸ್, ಸ್ಟೇಜ್ 3, ಗ್ರೇಡ್ ಸಿ.

"ಏನು ಮೇಡಂ ಇದು, ಸ್ಟೇಜ್ ಅಂತೆಲ್ಲ ಬರೆದಿದ್ದಾರೆ? ಕ್ಯಾನ್ಸರಾ?" ಅಂದರು ಪಾಪ.

"ಛೆ ಛೆ, ಅದಲ್ಲ. ಅದು... ವಸಡಿಗೂ ಹಾಗೆ ಬರೀತಾರೆ" ಅಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಅದೂ ಊಹೆ. ನಾವು ಓದುವಾಗ ಕ್ರಾನಿಕ್, ಅಗ್ರೆಸಿವ್ ಅಂತಿತ್ತು. ಈ ಸ್ಟೇಜು ಗ್ರೇಡು ಯಾವಾಗ ಬಂತು? ಆ ಚೀಟಿ ಬರೆದದ್ದು ಇನ್ನೂ ಪಿ.ಜಿ. ಓದುತ್ತಿರುವ ಹುಡುಗಿ. ಅವಳ ನಂಬರ್ ಚೀಟಿಯಲ್ಲೇ ಇತ್ತು. ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ನಾಚಿಕೆ. ಅವಳು ಎಲ್‌ಕೆಜಿಗೆ ಹೋಗುವಾಗ ನಾನು ಹಲ್ಲು ಕೀಳುತ್ತಿದ್ದೆ, ಅಲ್ವಾ?

ಅವತ್ತು ರಾತ್ರಿ ಮಿಕ್ಸಿ ಪಕ್ಕ ನಿಂತು ಹುಡುಕಿದೆ. ಒಂದು ರೆಕಾರ್ಡೆಡ್ ಪಾಠ ಸಿಕ್ಕಿತು, ಒಂದೂ ಕಾಲು ಗಂಟೆಯದು. ಅಮೆರಿಕದ ಮತ್ತು ಯುರೋಪಿನ ಪೆರಿಯೊಡಾಂಟಾಲಜಿ ಸಂಘಗಳು 2017ರಲ್ಲಿ ಒಟ್ಟಿಗೆ ಕೂತು ಮಾಡಿದ ವರ್ಗೀಕರಣ, ಪ್ರಕಟವಾದದ್ದು 2018ರಲ್ಲಿ. ಸ್ಟೇಜ್ ಅಂದರೆ ಈಗಾಗಲೇ ಎಷ್ಟು ಹಾಳಾಗಿದೆ, ಸರಿಮಾಡುವುದು ಎಷ್ಟು ಕಷ್ಟ ಅನ್ನುವುದು. ಒಂದರಿಂದ ನಾಲ್ಕು. ಗ್ರೇಡ್ ಅಂದರೆ ಎಷ್ಟು ಬೇಗ ಹಾಳಾಗುತ್ತಿದೆ ಅನ್ನುವುದು. ಎ, ಬಿ, ಸಿ. ಗ್ರೇಡ್ ಹೇಳುವಾಗ ಎರಡು ವಿಷಯ ಕೇಳಲೇಬೇಕು. ದಿನಕ್ಕೆ ಹತ್ತು ಸಿಗರೇಟ್ ಅಥವಾ ಅದಕ್ಕಿಂತ ಜಾಸ್ತಿಯಾ? ಶುಗರ್ ಇದ್ದರೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಏಳು ಅಥವಾ ಅದಕ್ಕಿಂತ ಮೇಲಾ? ಎರಡರಲ್ಲಿ ಒಂದಕ್ಕೆ ಹೌದು ಅಂದರೂ ಗ್ರೇಡ್ ಸಿ.

ಪಾಠ ಅಲ್ಲೇ ನಿಲ್ಲಿಸಿದೆ. ನಮ್ಮ ರೈಟರಿಗೆ ಶುಗರ್ ಇದೆ ಅಂತ ನನಗೆ ಗೊತ್ತಿತ್ತು. ಕಾರ್ಡಿನ ಮೇಲೆ ನಾನೇ ಬರೆದಿದ್ದೆ. ಆದರೆ ನಾಲ್ಕು ವರ್ಷದಲ್ಲಿ ಒಂದು ಸಲವೂ ಎಚ್‌ಬಿಎ1ಸಿ ಎಷ್ಟು ಅಂತ ಕೇಳಿರಲಿಲ್ಲ. ಕೀಳುವ ದಿನ ಮಾತ್ರ ಗ್ಲುಕೋಮೀಟರ್ ಚುಚ್ಚಿ ನೋಡುತ್ತಿದ್ದೆ. ಚೀಟಿಯ ಕೆಳಗಡೆ ಸಣ್ಣಕ್ಷರದಲ್ಲಿ ಆ ಹುಡುಗಿ ಬರೆದಿದ್ದಳು: 8.6.

ಅಲ್ಲಿಂದ ಮುಂದೆ ಇದು ಅಭ್ಯಾಸವಾಯಿತು. ರಾತ್ರಿ ಊಟ ಆಗಿ ಪಾತ್ರೆ ಎತ್ತಿಟ್ಟ ಮೇಲೆ ಅರ್ಧ ಗಂಟೆ. ಅರ್ಥವಾಗದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ಕೇಳುವುದು. ಸಭಾಂಗಣದಲ್ಲಿ ಕೂತು "ಸರ್, ಇನ್ನೊಂದ್ಸಲ ಹೇಳಿ" ಅನ್ನಲು ಆಗುತ್ತದಾ? ಇಲ್ಲಿ ಮೂರು ಸಲ ಹೇಳಿಸಿಕೊಂಡರೂ ಮಾಸ್ತರಿಗೆ ಬೇಸರವಿಲ್ಲ. ಲೈವ್ ಪಾಠಗಳಲ್ಲಿ ಒಂದು ಸಲ ಹೆಸರು ಹಾಕಲು ಮರೆತೆ. ಅದು ನನಗೆ ತಾನಾಗಿ ಒಂದು ಹೆಸರು ಕೊಟ್ಟಿತು. ಗೆಸ್ಟ್ 41. ಆ ಹೆಸರಿನಲ್ಲಿ ನಾನು ಕೇಳಿದ ಪ್ರಶ್ನೆಗಳನ್ನು ನನ್ನ ಸ್ವಂತ ಹೆಸರಿನಲ್ಲಿ ಇಪ್ಪತ್ತು ವರ್ಷ ಕೇಳಿರಲಿಲ್ಲ.

ಎಲ್ಲವೂ ಹೀಗೆ ಚೆನ್ನಾಗಿರುತ್ತದೆ ಅಂತ ತಿಳಿಯಬೇಡಿ. 2020ರ ಲಾಕ್‌ಡೌನಿನಲ್ಲಿ ಕ್ಲಿನಿಕ್ ಮುಚ್ಚಿ ಕೂತಾಗ ದಿನಕ್ಕೆ ಮೂರು ವೆಬಿನಾರ್. ಅದರಲ್ಲಿ ಎರಡು ಸುಮ್ನೆ ಸಾಮಾನು ಮಾರಾಟ. ಮುಕ್ಕಾಲು ಗಂಟೆ ಯಾವುದೋ ಇಂಪ್ಲಾಂಟಿನ ಗುಣಗಾನ, ಕೊನೆಗೆ ಹಾಜರಿ ಲಿಂಕ್. ಗುಂಪಿನಲ್ಲಿ ಯಾರಾದರೂ "ಲಿಂಕ್ ಬಂತಾ?" ಅಂತ ಕೇಳುತ್ತಾರೆ. ಮ್ಯೂಟ್ ಮಾಡಿ ಮಲಗಿದ್ದವರೆಲ್ಲ ಎದ್ದು ಒತ್ತುತ್ತಾರೆ. ಸರ್ಟಿಫಿಕೇಟ್ ಬರುತ್ತದೆ. ನಾನೂ ಒತ್ತಿದ್ದೇನೆ, ಸುಳ್ಳು ಯಾಕೆ. ರಿಜಿಸ್ಟ್ರೇಷನ್, ಪಾಯಿಂಟ್ ಅಂತ ತಲೆಬಿಸಿ ಎಲ್ಲರಿಗೂ ಇದೆ. 1948ರ ದಂತವೈದ್ಯರ ಕಾಯಿದೆಯ ಜಾಗಕ್ಕೆ ಅಂತ 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯಿದೆ ಪಾಸಾಯಿತು. ಕಾಯಿದೆ ಯಾವುದೇ ಇರಲಿ, ಲಿಂಕ್ ಒತ್ತುವ ಬೆರಳು ಬದಲಾಗುತ್ತದೆ ಅಂತ ನನಗೇನೂ ನಂಬಿಕೆ ಇಲ್ಲ.

ಒಂದು ಸಲ ದುಡ್ಡು ಕಟ್ಟಿ ಆರು ವಾರದ ಕೋರ್ಸ್ ಸೇರಿದ್ದೆ. ಕೊನೆಯ ಪರೀಕ್ಷೆ ಆಗಸ್ಟ್ 3ಕ್ಕೆ ಬಿತ್ತು. ಕೊಡಗಿನ ಕಕ್ಕಡ ತಿಂಗಳ 18ನೇ ದಿನ. ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ, ಹೊರಗೆ ಮೂರು ದಿನದ ಮಳೆ. ನಲವತ್ತು ಪ್ರಶ್ನೆಯಲ್ಲಿ ಮೂವತ್ತೊಂದು ಮುಗಿದಿತ್ತು. ಎಲ್ಲೋ ಲೈನಿನ ಮೇಲೆ ಮರ ಬಿತ್ತು. ಕರೆಂಟ್ ಹೋಯಿತು, ಅದರ ಹಿಂದೆಯೇ ಟವರ್ರೂ ಹೋಯಿತು. ಎರಡು ದಿನ ಬಿಟ್ಟು ನೋಡಿದರೆ "ನಿಮ್ಮ ಸಮಯ ಮುಗಿದಿದೆ". ನಾಲ್ಕು ಮೇಲ್ ಹಾಕಿದೆ. ಉತ್ತರ ಇಲ್ಲ, ದುಡ್ಡೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಪಾಯಸ ಮಾತ್ರ ಚೆನ್ನಾಗಿತ್ತು.

ಆ ಕೋರ್ಸಿನಲ್ಲೇ ಕಲಿತದ್ದು ಇನ್ನೊಂದು. ಹಲ್ಲು ನೋವು ಅಂತ ಬಂದವರಿಗೆಲ್ಲ ನಾನು ಐದು ದಿನದ ಆಂಟಿಬಯೋಟಿಕ್ ಬರೆಯುತ್ತಿದ್ದೆ. ಎಲ್ಲರೂ ಬರೆಯುತ್ತಿದ್ದರು. ಹಲ್ಲಿನ ನರಕ್ಕೆ ಉರಿ ಬಂದು ಆಗುವ ನೋವಿಗೆ ಆರೋಗ್ಯವಾಗಿರುವ ದೊಡ್ಡವರಿಗೆ ಆಂಟಿಬಯೋಟಿಕ್ ಬೇಡ, ಹಲ್ಲಿಗೆ ಚಿಕಿತ್ಸೆ ಮಾಡಿ, ನೋವಿಗೆ ಇಬುಪ್ರೊಫೆನ್, ಪ್ಯಾರಾಸಿಟಮಾಲ್ ಸಾಕು ಅಂತ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲೇ ಹೇಳಿದೆ. ಕಾರಣ ಕೇಳಿದರೆ ಎಷ್ಟು ಸರಳ ನೋಡಿ. ಸಾಯುತ್ತಿರುವ ನರಕ್ಕೆ ರಕ್ತವೇ ಸರಿಯಾಗಿ ಹೋಗುವುದಿಲ್ಲ. ಮತ್ತೆ ಮಾತ್ರೆ ಯಾವ ದಾರಿಯಲ್ಲಿ ಹೋಗಬೇಕು? ಮುಖ ಊದಿ ಜ್ವರ ಬಂದಿದ್ದರೆ ಆ ಮಾತು ಬೇರೆ.

ತಿಳಿದುಕೊಳ್ಳುವುದು ಸುಲಭ, ಬರೆಯದೇ ಇರುವುದು ಕಷ್ಟ. ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. "ಕ್ಯಾಪ್ಸೂಲ್ ಬರೀಲಿಲ್ವಾ ಡಾಕ್ಟ್ರೇ?" ಅಂತ ಕೇಳುತ್ತಾರೆ. ಬರೆಯದಿದ್ದರೆ ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ತೆಗೆದುಕೊಳ್ಳುತ್ತಾರೆ. ಇದಕ್ಕೆ ಏನು ಮಾಡಬೇಕು ಅಂತ ಗೆಸ್ಟ್ 41 ಕೇಳಿದಳು. ಪಾಠ ಮಾಡುವವರು ನಕ್ಕು, "ರೋಗಿಗೆ ತಿಳಿಸಿ ಹೇಳಿ" ಅಂದರು. ಅವರ ಕ್ಲಿನಿಕ್ಕಿನ ಹೊರಗೆ ಕೆಲಸದವರನ್ನು ಕರೆದೊಯ್ಯುವ ಜೀಪ್ ಹಾರ್ನ್ ಹೊಡೆಯುತ್ತಾ ನಿಂತಿರುವುದಿಲ್ಲ ಅನ್ನಿಸುತ್ತದೆ. ನಾನೀಗ ಕೈಯಲ್ಲಿ ಒಂದು ಹಲ್ಲಿನ ಮಾದರಿ ಹಿಡಿದು, ನೀರಿಲ್ಲದ ಪೈಪಿಗೆ ಮೇಲಿಂದ ಮದ್ದು ಹಾಕಿದರೆ ಗಿಡಕ್ಕೆ ಹೋಗುತ್ತದಾ ಅಂತ ಕೇಳುತ್ತೇನೆ. ತೋಟದಲ್ಲಿ ಸ್ಪ್ರಿಂಕ್ಲರ್ ಎಳೆದವರಿಗೆ ಅರ್ಥವಾಗುತ್ತದೆ. ಅರ್ಧದಷ್ಟು ಜನ ಒಪ್ಪುತ್ತಾರೆ.

ಇನ್ನು ರಬ್ಬರ್ ಡ್ಯಾಮ್ ಕಥೆ. ರೂಟ್ ಕೆನಾಲ್ ಮಾಡುವಾಗ ಆ ಒಂದು ಹಲ್ಲು ಮಾತ್ರ ಹೊರಗೆ ಕಾಣುವ ಹಾಗೆ ಬಾಯಿಗೆ ರಬ್ಬರ್ ಹಾಳೆ ಕಟ್ಟುವುದು. ಉಗುಳು ಒಳಗೆ ಹೋಗುವುದಿಲ್ಲ. ಹಲ್ಲಿನೊಳಗೆ ತೊಳೆಯಲು ಬಿಡುವ ಹೈಪೋಕ್ಲೋರೈಟ್ ದ್ರಾವಣ ಗಂಟಲಿಗೆ ಇಳಿಯುವುದಿಲ್ಲ. ನಾಳ ಉಜ್ಜುವ ಸೂಜಿಯಂಥ ಫೈಲ್ ಕೈ ಜಾರಿದರೂ ಹೊಟ್ಟೆಗೆ ಹೋಗುವುದಿಲ್ಲ. ಹೊಸದೇನಲ್ಲ ಇದು. ಬಾರ್ನಮ್ ಅನ್ನುವ ಅಮೆರಿಕದ ದಂತವೈದ್ಯ 1864ರಲ್ಲಿ ಕಂಡುಹಿಡಿದದ್ದು. ಕಾಲೇಜಿನಲ್ಲಿ ಪರೀಕ್ಷೆಗೆ ಚಿತ್ರ ಬರೆದಿದ್ದೆ, ಪ್ರಾಕ್ಟೀಸಿನಲ್ಲಿ ಹತ್ತಿಯ ಸುರುಳಿ ತುರುಕಿ ಹದಿನೆಂಟು ವರ್ಷ ಕಳೆದಿದ್ದೆ. ಒಂದು ವಿಡಿಯೋ ನೋಡಿ ಹುರುಪು ಬಂದು ಇಡೀ ಸೆಟ್ ತರಿಸಿದೆ. ವಿಡಿಯೋದಲ್ಲಿ ಅವರು ನಲವತ್ತು ಸೆಕೆಂಡಿನಲ್ಲಿ ಹಾಕಿದರು.

ಮೊದಲ ದಿನ, ಹಾಳೆಯನ್ನು ಹಲ್ಲಿಗೆ ಹಿಡಿದಿಡುವ ಕ್ಲ್ಯಾಂಪ್ ಹಲ್ಲಿನಿಂದ ಚಿಮ್ಮಿ ಕಂಪ್ರೆಸರ್ ಅಡಿಗೆ ಹೋಯಿತು. ರೋಗಿ ಬೆಚ್ಚಿಬಿದ್ದರು. ಅಕ್ಕ ಟಾರ್ಚ್ ಹಿಡಿದು ನೆಲದಲ್ಲಿ ಮಲಗಿ ಹುಡುಕಿದರು. ಕ್ಲ್ಯಾಂಪಿಗೆ ಮೊದಲೇ ದಾರ ಕಟ್ಟಿಟ್ಟುಕೊಳ್ಳಬೇಕು ಅಂತ ವಿಡಿಯೋದಲ್ಲಿ ಹೇಳಿದ್ದರು. ನಾನು ಆಗ ಹಾಲು ಉಕ್ಕುವುದನ್ನು ನೋಡುತ್ತಿದ್ದೆ ಅಂತ ಕಾಣುತ್ತದೆ.

ಆಮೇಲೆ ಕಿತ್ತ ದವಡೆ ಹಲ್ಲುಗಳನ್ನು ತೊಳೆದು, ಹಳೇ ಸೋಪು ಡಬ್ಬಿಯಲ್ಲಿ ಪ್ಲಾಸ್ಟರ್ ತುಂಬಿ, ಸಾಲಾಗಿ ನಿಲ್ಲಿಸಿದೆ. ಸಂಜೆ ರೋಗಿಗಳು ಹೋದ ಮೇಲೆ ಅದಕ್ಕೇ ಕಟ್ಟುವುದು, ಬಿಚ್ಚುವುದು. ಹಾಳೆಗೆ ಪಂಚ್ ಮಾಡುವ ತೂತು ಸ್ವಲ್ಪ ಹರಿದಂತಿದ್ದರೂ ಎಳೆದಾಗ ಬಿರಿಯುತ್ತದೆ. ತೂತು ಬಿದ್ದಾಗ ಟಕ್ ಅಂತ ಚೊಕ್ಕ ಶಬ್ದ ಬರಬೇಕು. ಕ್ಲ್ಯಾಂಪಿನ ನಾಲ್ಕೂ ಕಾಲು ಹಲ್ಲಿನ ಕುತ್ತಿಗೆಗೆ ಕೂರಬೇಕು. ಮೂರು ಕೂತು ಒಂದು ಎದ್ದಿದ್ದರೆ ಮೂರು ಕಾಲಿನ ಸ್ಟೂಲಿನ ಹಾಗಲ್ಲ ಅದು, ಬೀಳುವುದು ಗ್ಯಾರಂಟಿ. ಮನೆಗೆ ಡಬ್ಬಿ ತಂದಿದ್ದೆ. ನಮ್ಮವರು ಬಚ್ಚಲಿಗೆ ಹೋಗುವಾಗ ಅದನ್ನೇ ಎತ್ತಿಕೊಂಡು ಹೋಗಿ ಕೂಗಿಕೊಂಡರು. "ಏನೇ ಇದು, ಸೋಪು ಡಬ್ಬೀಲಿ ಹಲ್ಲು!"

ಇಷ್ಟಾದರೂ ಕೆಳಗಿನ ಕೊನೆಯ ದವಡೆ ಹಲ್ಲಿಗೆ ಕೂರುತ್ತಲೇ ಇರಲಿಲ್ಲ. ಹನ್ನೆರಡು ವಿಡಿಯೋ ನೋಡಿದೆ. ಕೊನೆಗೆ ಮೈಸೂರಿನಲ್ಲಿ ಒಂದು ದಿನದ ಕಾರ್ಯಾಗಾರಕ್ಕೆ ಹೋದೆ, ಬೆಳಿಗ್ಗೆ ಮಂಜಿನಲ್ಲಿ ಹೊರಟು. ಅಲ್ಲಿ ಹೇಳಿಕೊಡುತ್ತಿದ್ದವರು ನನ್ನ ಹಿಂದೆ ಬಂದು ನಿಂತು, ಏನೂ ಹೇಳದೆ, ನನ್ನ ಮಣಿಕಟ್ಟನ್ನು ಹಿಡಿದು ಸ್ವಲ್ಪ ಒಳಗೆ ತಿರುಗಿಸಿದರು. ಎರಡು ಸೆಕೆಂಡ್. ಕ್ಲ್ಯಾಂಪ್ ಕೂತಿತು. ಇದನ್ನು ಮಿಕ್ಸಿ ಪಕ್ಕ ಯಾರು ಮಾಡುತ್ತಾರೆ? ಆದರೆ ಆ ಹನ್ನೆರಡು ವಿಡಿಯೋ ನೋಡದೆ ಹೋಗಿದ್ದರೆ ಆ ಎರಡು ಸೆಕೆಂಡಿನಲ್ಲಿ ಏನಾಯಿತು ಅಂತಲೂ ತಿಳಿಯುತ್ತಿರಲಿಲ್ಲ. ಅಂದಹಾಗೆ, ಡ್ಯಾಮ್ ಹಾಕಿದ ಮೇಲೆ ಎಕ್ಸ್‌ರೇ ಹೇಗೆ ತೆಗೆಯುವುದು ಅಂತ ಕೇಳಿದ್ದೂ ಗೆಸ್ಟ್ 41. ಪೂರ್ತಿ ಬಿಚ್ಚಬೇಡಿ, ಹಾಳೆ ಹಿಗ್ಗಿಸಿ ಹಿಡಿಯುವ ಪ್ಲಾಸ್ಟಿಕ್ ಫ್ರೇಮಿನ ಒಂದು ಮೂಲೆ ಸಡಿಲಿಸಿ ಫಿಲ್ಮ್ ಒಳಗೆ ಜಾರಿಸಿ ಅಂತ ಉತ್ತರ ಬಂತು. ಅದರ ಕೆಳಗೆ ಹದಿನಾಲ್ಕು ಜನ ಹೆಬ್ಬೆರಳು ಒತ್ತಿದ್ದರು. ನನ್ನ ಹಾಗೆ ಗೊತ್ತಿಲ್ಲದವರು ಹದಿನಾಲ್ಕು ಜನ!

ಹಲ್ಲಿನ ಕಥೆಗೆ ಬರುತ್ತೇನೆ.

ಕೊಡಗಿನಲ್ಲಿ ಹಾಕಿ ಬಗ್ಗೆ ಹೇಳಬೇಕಾಗಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕುಟುಂಬಗಳ ಹಾಕಿ ಈಗ ಎಷ್ಟು ದೊಡ್ಡದಾಗಿದೆ ಅಂತ ನೋಡಿದ್ದೀರಿ. ಏಪ್ರಿಲ್ ಬಂದರೆ ಎಲ್ಲ ಮೈದಾನದಲ್ಲೂ ಹುಡುಗರು. ನನಗೆ ಏಪ್ರಿಲ್ ಅಂದರೆ ಮುಂದಿನ ಹಲ್ಲಿನ ತಿಂಗಳು. ಹೋದ ವರ್ಷ ಒಂದು ಸಂಜೆ ಹದಿನೇಳು ವರ್ಷದ ಹುಡುಗನನ್ನು ಅವನ ಮಾವ ಕರೆದುಕೊಂಡು ಬಂದರು. ಪ್ರಾಕ್ಟೀಸಿನಲ್ಲಿ ಸ್ಟಿಕ್ ಬಿದ್ದು ಮೇಲಿನ ಮುಂದಿನ ಹಲ್ಲು ಬೇರು ಸಮೇತ ಹೊರಗೆ ಬಂದಿತ್ತು. ಮಾವ ಜೇಬಿನಿಂದ ಟಿಶ್ಯೂ ಪೇಪರಿನ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಬಿಚ್ಚಿದರೆ ಹಲ್ಲು. ಒಣಗಿ, ಬೇರಿಗೆ ಹುಲ್ಲಿನ ಚೂರು ಅಂಟಿಕೊಂಡಿತ್ತು. ಎಷ್ಟು ಹೊತ್ತಾಯಿತು ಅಂದೆ. ದಾರಿಯಲ್ಲಿ ಇನ್ನೊಂದು ಕಡೆ ತೋರಿಸಲು ಹೋಗಿ ಬಾಗಿಲು ಹಾಕಿತ್ತಂತೆ. ಒಟ್ಟು ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ.

2011ರಲ್ಲಿ ಇದೇ ಥರ ಒಬ್ಬಳು ಹುಡುಗಿ ಬಂದಿದ್ದಳು. ಸೈಕಲ್ಲಿನಿಂದ ಬಿದ್ದು. ಅವಳಮ್ಮನ ಕೈಯಲ್ಲಿದ್ದ ಹಲ್ಲನ್ನು ನೋಡಿ, "ತುಂಬಾ ಹೊತ್ತಾಯ್ತಮ್ಮ, ಇದು ಪ್ರಯೋಜನವಿಲ್ಲ" ಅಂತ ಹೇಳಿ ಕಸದ ಬುಟ್ಟಿಗೆ ಹಾಕಿದ್ದೆ. ಡಬ್ಬಿಗೆ ಬಿದ್ದ ಶಬ್ದಕ್ಕೆ ಆ ಹುಡುಗಿ ತಿರುಗಿ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈ ಸಲ ಹಾಕಲಿಲ್ಲ. ಹಲ್ಲಿನ ಪೆಟ್ಟಿನ ಬಗ್ಗೆ ಅಂತರರಾಷ್ಟ್ರೀಯ ಸಂಘವೊಂದಿದೆ, ಐ.ಎ.ಡಿ.ಟಿ. ಅಂತ. ಅವರು 2020ರಲ್ಲಿ ಹೊಸ ಮಾರ್ಗಸೂಚಿ ಕೊಟ್ಟಿದ್ದಾರೆ. ಅದರ ಮೇಲಿನ ಪಾಠವನ್ನು ನಾನು ಹಿಂದಿನ ಚಳಿಗಾಲದಲ್ಲಿ, ಕಾಫಿ ಕೊಯ್ಲಿನ ಸಮಯ, ತುಂಡು ತುಂಡಾಗಿ ಒಂದು ವಾರ ಕೇಳಿದ್ದೆ. ಬಿದ್ದ ಹಲ್ಲನ್ನು ಅಲ್ಲೇ, ಕೂಡಲೇ ವಾಪಸ್ ಕೂರಿಸಬೇಕು. ಆಗದಿದ್ದರೆ ಹಾಲಿನಲ್ಲಿ ಹಾಕಿ ತರಬೇಕು. ಒಣಗಿ ಒಂದು ಗಂಟೆ ದಾಟಿದರೆ ಬೇರಿನ ಮೇಲಿನ ಜೀವಕೋಶಗಳು ಉಳಿಯುವುದಿಲ್ಲ. ನನಗೆ ಇಲ್ಲಿಯ ತನಕ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಮುಂದಿನದು: ಆಗಲೂ ಕೂರಿಸಿ ಅನ್ನುತ್ತಾರೆ ಅವರು. ಹಲ್ಲು ಮೂಳೆಗೆ ಅಂಟಿಕೊಳ್ಳುತ್ತದೆ, ಬೇರು ನಿಧಾನ ಕರಗುತ್ತದೆ, ಹೌದು. ಆದರೆ ಅಷ್ಟು ವರ್ಷ ಅಲ್ಲಿನ ಮೂಳೆ ಉಳಿಯುತ್ತದೆ, ಹುಡುಗನ ನಗು ಉಳಿಯುತ್ತದೆ. ಬೆಳೆಯುವ ವಯಸ್ಸಿನಲ್ಲಿ ಇಂಪ್ಲಾಂಟ್ ಹಾಕಲೂ ಆಗುವುದಿಲ್ಲ.

ಹಲ್ಲನ್ನು ಅದರ ತಲೆಭಾಗದಲ್ಲಿ ಹಿಡಿದು ಸಲೈನಿನಲ್ಲಿ ತೊಳೆದೆ. ಹುಲ್ಲಿನ ಚೂರು ಗಾಜ್‌ನಲ್ಲಿ ಮೆಲ್ಲಗೆ ತೆಗೆದೆ. ಮರಗಟ್ಟಿಸಿ, ಗುಳಿಯಲ್ಲಿದ್ದ ರಕ್ತದ ಗಡ್ಡೆಯನ್ನು ಸಲೈನ್ ಚಿಮ್ಮಿಸಿ ತೊಳೆದು, ಹಲ್ಲನ್ನು ಒತ್ತಿದೆ. ಒತ್ತುವುದು ಅಂದರೆ ಬೆರಳಿನಲ್ಲಿ, ಬೆಣ್ಣೆ ಮೇಲೆ ಇಟ್ಟ ಹಾಗೆ. ಅರ್ಧದಲ್ಲಿ ನಿಂತಿತು. ಅಕ್ಕ ಉಸಿರು ಬಿಗಿಹಿಡಿದಿದ್ದರು. ಸ್ವಲ್ಪ ತಿರುಗಿಸಿ ಮತ್ತೆ ಒತ್ತಿದಾಗ ಜಾರಿ ಕೂತಿತು. ಎಕ್ಸ್‌ರೇಯಲ್ಲಿ ಸರಿಯಾಗಿತ್ತು. ತೆಳು ತಂತಿ, 0.4 ಮಿಲಿಮೀಟರಿನದು, ಪಕ್ಕದ ಹಲ್ಲುಗಳಿಗೆ ಕಾಂಪೋಸಿಟಿನಲ್ಲಿ ಅಂಟಿಸಿದೆ. ಎರಡು ವಾರಕ್ಕೆ. ದಪ್ಪ ತಂತಿ ಹಾಕಿ ಬಿಗಿಯುವ ಹಳೇ ಪದ್ಧತಿ ಈಗಿಲ್ಲ, ಹಲ್ಲು ತುಸು ಅಲುಗಬೇಕು. ಟಿಟಿ ಇಂಜೆಕ್ಷನಿಗೆ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಆಂಟಿಬಯೋಟಿಕ್ ಬರೆದೆ. ಇಲ್ಲಿ ಬರೆಯಬೇಕು.

"ಇದು ನಿಲ್ಲುತ್ತಾ ಡಾಕ್ಟ್ರೇ?" ಅಂದರು ಮಾವ.

"ಕೆಲವು ವರ್ಷ ನಿಲ್ಲುತ್ತೆ. ಯಾವತ್ತಿಗೂ ಅಲ್ಲ" ಅಂದೆ. "ಮುಂದಿನ ಸಲ ಹಾಲಲ್ಲಿ ಹಾಕಿ ತನ್ನಿ."

"ಮುಂದಿನ ಸಲ ಬೇಡ" ಅಂದರು ಅವರು.

ಎರಡು ವಾರದೊಳಗೆ ರೂಟ್ ಕೆನಾಲ್ ಶುರು ಮಾಡಿದೆ, ರಬ್ಬರ್ ಡ್ಯಾಮ್ ಕಟ್ಟಿಯೇ. ಆಮೇಲೆ ಆ ಮೈದಾನದ ಕೋಚ್‌ಗೆ ಒಂದು ಕಾಗದ ಕನ್ನಡದಲ್ಲಿ ಬರೆದುಕೊಟ್ಟೆ: ಹಲ್ಲು ಬಿದ್ದರೆ ಬೇರು ಮುಟ್ಟಬೇಡಿ, ಹಾಲು ಹುಡುಕಿ, ಓಡಿ ಬನ್ನಿ. ಐ.ಎ.ಡಿ.ಟಿ.ಯವರದ್ದೇ ಟೂತ್ ಎಸ್‌ಒಎಸ್ ಅಂತ ಉಚಿತ ಆ್ಯಪ್ ಇದೆ, ಅದನ್ನೂ ಅವರ ಫೋನಿಗೆ ಹಾಕಿಸಿದೆ. ಸ್ಟಿಕ್ ಕಿಟ್ಟಿನಲ್ಲಿ ಒಂದು ಟೆಟ್ರಾ ಪ್ಯಾಕ್ ಹಾಲು ಇಟ್ಟುಕೊಳ್ಳುತ್ತೇವೆ ಅಂದರು. ಹುಡುಗರು ಅದನ್ನು ಕುಡಿದು ಮುಗಿಸದಿದ್ದರೆ ಒಳ್ಳೆಯದು.

ಹೋದ ವಾರ ಅವನು ಚೆಕಪ್ಪಿಗೆ ಬಂದಿದ್ದ. ಒಂದು ವರ್ಷವಾಯಿತು. ಈಗ ಮೌತ್‌ಗಾರ್ಡ್ ಹಾಕಿಕೊಂಡು ಆಡುತ್ತಾನಂತೆ. ಮಿರರಿನ ಹಿಡಿಯಿಂದ ಪಕ್ಕದ ಹಲ್ಲನ್ನು ತಟ್ಟಿದೆ. ಮೊದ್ದು ಶಬ್ದ. ಆ ಹಲ್ಲನ್ನು ತಟ್ಟಿದೆ. ಟಣ್ ಅಂತು, ಸ್ಟೀಲ್ ಲೋಟಕ್ಕೆ ತಟ್ಟಿದ ಹಾಗೆ. ಮೂಳೆಗೆ ಅಂಟಿಕೊಂಡಿದೆ ಅಂತ ಅರ್ಥ. ಪಾಠದಲ್ಲಿ ಇದೇ ಶಬ್ದ ಕೇಳಿಸಿದ್ದರು, ಆದರೆ ಆಗ ಸಿಗ್ನಲ್ ಒಂದೇ ಕಡ್ಡಿ ಇತ್ತು, ನನಗೆ ಎರಡೂ ಒಂದೇ ಥರ ಕೇಳಿತ್ತು.

ಅವನು ಬಾಯಿ ತೆರೆದುಕೊಂಡೇ ಕಣ್ಣರಳಿಸಿದ. ಕೈ ತೆಗೆದ ಮೇಲೆ, "ಮೇಡಂ, ಇನ್ನೊಂದ್ಸಲ ಹೊಡೀರಿ" ಅಂದ. ಹೊಡೆದೆ. ಆಮೇಲೆ ಮಿರರ್ ಕೇಳಿ ಇಸಿದುಕೊಂಡು ತಾನೇ ಹೊಡೆದುಕೊಂಡು ಕೇಳುತ್ತಾ ಕೂತ.